ದೊಡ್ಡಮ್ಮನ ಸಾಕ್ಷಿ

ಯಜಮಾನರು ಕುರ್ಚಿ ತೋರಿಸಿ ಕೂತ್ಕೋ ಅಂದಾಗಲೇ ದೊಡ್ಡಮ್ಮನಿಗೆ ಹೆದರಿಕೆ ಹತ್ತಿತು.

ಆಸ್ಪತ್ರೆಯ ಹಿತ್ತಿಲಿನ ಆ ಲಾಂಡ್ರಿಗೆ ಸೇರಿದಾಗಿನಿಂದ ಅವಳು ಯಜಮಾನರ ಕೋಣೆಯಲ್ಲಿ ಕೂತವಳಲ್ಲ. ಬೈಸಿಕೊಳ್ಳಲು ಕರೆದರೆ ಬಾಗಿಲ ಹೊರಗೆ ನಿಂತು ಬೈಸಿಕೊಂಡು ಹೋಗುತ್ತಿದ್ದಳು. ಬೈಗುಳಕ್ಕೆ ಅವಳು ಹೆದರುತ್ತಿರಲಿಲ್ಲ. ಬೈಗುಳ ಎಷ್ಟು ಹೊತ್ತಿನದು, ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಿತ್ತು. ಈ ಕುರ್ಚಿ ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಿರಲಿಲ್ಲ. ಒದ್ದೆ ಏಪ್ರನ್ ಮಡಚಿ ಹಿಡಿದುಕೊಂಡು, ಕುರ್ಚಿಯ ತುದಿಗೆ ಅಂಟಿಯೂ ಅಂಟದ ಹಾಗೆ ಕೂತಳು.

"ಟೀ ಕುಡೀತೀಯಾ?"

"ಬೇಡ ಯಜಮಾನ್ರೇ."

"ಭಾನುವಾರ ಸಭೇಲಿ ನೀನು ಸಾಕ್ಷಿ ಹೇಳ್ಬೇಕು ದೊಡ್ಡಮ್ಮ. ಅಯ್ಯನವರ ಹತ್ರ ಮಾತಾಡಿದೀನಿ. ಆರಾಧನೆ ಮುಗಿಯೋಕೆ ಮೊದ್ಲು ನಿನ್ನ ಕರೀತಾರೆ."

ಯಜಮಾನರು ಲಾಂಡ್ರಿಯ ಒಡೆಯರಷ್ಟೇ ಅಲ್ಲ, ಊರಿನ ಕ್ರೈಸ್ತ ಸಭೆಯ ಹಿರಿಯರೂ ಹೌದು. ಗುಡಿಯಲ್ಲಿ ಮೊದಲ ಸಾಲಿನ ಬೆಂಚು ಅವರ ಮನೆಯವರದು. ಬಾಗಿಲ ಪಕ್ಕದ ಕೊನೆಯ ಬೆಂಚು ಲಾಂಡ್ರಿಯವರದು. ಅದಕ್ಕೆ ಲಾಂಡ್ರಿ ಬೆಂಚು ಎಂದೇ ಹೆಸರು. ರೋಗಿಗಳ ಕೀವು, ರಕ್ತ, ಹೇಲು, ಉಚ್ಚೆ ತೊಳೆಯುವ ಕೈಗಳು. ಯಾವ ರೋಗ ಎಲ್ಲಿ ಅಂಟಿಕೊಂಡಿರುತ್ತದೋ ಯಾರಿಗೆ ಗೊತ್ತು ಎಂದು ಹಿಂದೆ ಯಾರೋ ಅಂದಿದ್ದರು. ಅಂದವರು ಸತ್ತರು. ಬೆಂಚು ಉಳಿಯಿತು.

"ಏನು ಸಾಕ್ಷಿ?" ಎಂದಳು ದೊಡ್ಡಮ್ಮ. ಏನೆಂದು ಅವಳಿಗೆ ಗೊತ್ತಾಗಿತ್ತು.

"ಗುಬ್ಬಿ ವಿಷಯ. ಆಗಿದ್ದನ್ನ ಹೇಳೋದು. ರೋಲರ್ ಮುಂದಿನ ಸರಳನ್ನ ಅವಳೇ ಬಿಚ್ಚಿದ್ಲು. ಬೇಗ ಕೆಲಸ ಮುಗಿಸಿ ಹರಟೆ ಹೊಡೆಯೋ ಆಸೆ. ದೇವರು ಎಚ್ಚರಿಕೆ ಕೊಟ್ಟ, ಆದ್ರೆ ಪ್ರಾಣ ಉಳಿಸ್ದ. ಇಷ್ಟೇ. ನಾಲ್ಕು ಮಾತು." ಯಜಮಾನರು ಮೇಜಿನ ಮೇಲೆ ಕೈಜೋಡಿಸಿ ಇಟ್ಟುಕೊಂಡರು. ಬಿಳಿ, ಒಣ, ಚೆಂದದ ಕೈಗಳು. "ಸೋಮವಾರ ಸರ್ಕಾರದ ಇನ್ಸ್‌ಪೆಕ್ಟರ್ ಬರ್ತಾರೆ. ದೇವರ ಮುಂದೆ ಹೇಳಿದ್ದನ್ನ ಯಾರೂ ಇನ್ಸ್‌ಪೆಕ್ಟರ್ ಮುಂದೆ ಬದಲಾಯಿಸಲ್ಲ, ಅಲ್ವಾ?"

ದೊಡ್ಡಮ್ಮ ನೆಲ ನೋಡಿದಳು.

"ನಿನ್ನ ಮಗಳು ಚುರುಕಾಗಿದಾಳೆ. ನರ್ಸಿಂಗ್ ತರಗತಿಗೆ ಸೇರಿಸೋಣ ಅಂತ ನಮ್ಮನೇವ್ರು ಅಂತಿದ್ರು. ಇಲ್ಲಾಂದ್ರೆ..." ಅವರು ಕಿಟಕಿಯ ಕಡೆ ನೋಡಿದರು. ಗಾಜಿನಾಚೆ ಯಂತ್ರ ಗುಡುಗುಟ್ಟುತ್ತಿತ್ತು. "ರೋಲರ್‌ಗೆ ಒಬ್ರು ಬೇಕೇ ಬೇಕು. ಗುಬ್ಬಿ ಜಾಗ ಖಾಲಿ ಇದೆ."

ದನಿ ಏರಲಿಲ್ಲ. ಮುಖದ ನಗು ಹಾಗೇ ಇತ್ತು. ದೊಡ್ಡಮ್ಮ ಎದ್ದು ಬಂದಾಗ ಕುರ್ಚಿಯ ತುದಿ ಒದ್ದೆಯಾಗಿತ್ತು.

ಅವಳ ಕೆಲಸ ತೊಟ್ಟಿಯದು. ವಾರ್ಡುಗಳಿಂದ ಬಂದ ಚಾದರಗಳನ್ನು ಬಿಚ್ಚಿ, ಮೆತ್ತಿಕೊಂಡಿದ್ದನ್ನು ಕೈಯಿಂದಲೇ ಕೆರೆದು, ಬ್ಲೀಚ್ ನೀರಿಗೆ ಹಾಕಿ, ಮೊಣಕೈವರೆಗೂ ಮುಳುಗಿಸಿ ತಿಕ್ಕಬೇಕು. ಕೈಗವಸು ಕೊಟ್ಟಿದ್ದರು, ಹರಿದ ಮೇಲೆ ಮತ್ತೆ ಕೊಟ್ಟಿರಲಿಲ್ಲ. ಉಗುರುಗಳು ಯಾವತ್ತೋ ಉದುರಿದ್ದವು. ಬೆರಳ ತುದಿಯ ಗೆರೆಗಳೂ ಅಳಿಸಿಹೋಗಿದ್ದವು. ಸ್ಟೀಲಿನ ಲೋಟ ಹಿಡಿದರೆ ಜಾರುತ್ತಿತ್ತು.

ತೊಟ್ಟಿಯಿಂದ ಎತ್ತಿ ಹಿಂಡಿದ ಚಾದರ ರೋಲರಿಗೆ ಹೋಗುತ್ತದೆ. ಮರದ ಕಾಂಡದಷ್ಟು ದಪ್ಪದ ಎರಡು ಕಬ್ಬಿಣದ ಉರುಳೆಗಳು, ಒಂದರ ಮೇಲೊಂದು, ಒಳಗೆ ಉಗಿ. ಒಂದು ಕಡೆಯಿಂದ ಒದ್ದೆ ಚಾದರ ಕೊಟ್ಟರೆ ಇನ್ನೊಂದು ಕಡೆಯಿಂದ ಹಪ್ಪಳದಂತೆ ಬರುತ್ತದೆ. ಉರುಳೆಯ ಮುಂದೆ ಒಂದು ಕಬ್ಬಿಣದ ಸರಳು ಇರಬೇಕು. ಬೆರಳು ಅದಕ್ಕೆ ತಗುಲಿದರೆ ಸಾಕು, ಯಂತ್ರ ನಿಂತುಬಿಡುತ್ತದೆ. ಆದರೆ ಚಾದರದ ಮಡಿಕೆ ತಗುಲಿದರೂ ನಿಲ್ಲುತ್ತಿತ್ತು. ಪದೇ ಪದೇ ನಿಲ್ಲುತ್ತಿತ್ತು. ಯಜಮಾನರು ಮೆಕ್ಯಾನಿಕ್‌ನನ್ನು ಕರೆದು ಸರಳು ಬಿಚ್ಚಿಸಿದರು. ಬಿಚ್ಚಿದ್ದನ್ನು ಗೋಡೆಗೆ ಒರಗಿಸಿಟ್ಟರು. ಅದನ್ನು ಲಾಂಡ್ರಿಯ ಅಷ್ಟೂ ಜನ ನೋಡಿದ್ದರು.

ಗುಬ್ಬಿ ಸಭೆಯ ಅನಾಥಾಲಯದಲ್ಲಿ ಬೆಳೆದವಳು. ಗಿಡ್ಡ ಆಳು, ಬಾಯಿ ಮುಚ್ಚುತ್ತಿರಲಿಲ್ಲ, ಅದಕ್ಕೇ ಗುಬ್ಬಿ. ಆ ದಿನ ಚಾದರದ ಮೂಲೆಯೊಂದು ಮಡಚಿಕೊಂಡು ಒಳಗೆ ಹೋಯಿತು. ಸರಿಮಾಡಲು ಕೈಚಾಚಿದಳು. ಉರುಳೆ ಬೆರಳು ಹಿಡಿಯಿತು. ಆಮೇಲೆ ಅಂಗೈ. ಆಮೇಲೆ ಮಣಿಕಟ್ಟು. ಎದುರಿಗೆ ಗಾಡಿ ತಳ್ಳಿಕೊಂಡು ಬರುತ್ತಿದ್ದ ದೊಡ್ಡಮ್ಮ ಸ್ವಿಚ್ಚಿಗೆ ಓಡಿದಳು. ಸ್ವಿಚ್ಚು ದೂರದ ಗೋಡೆಯಲ್ಲಿತ್ತು. ಜಾರಿ ಬಿದ್ದಳು, ಎದ್ದಳು, ಒತ್ತಿದಳು. ಅಷ್ಟು ಹೊತ್ತೂ ಗುಬ್ಬಿ ಕಿರುಚಲಿಲ್ಲ. ಬಾಯಿ ತೆರೆದುಕೊಂಡಿತ್ತು, ಶಬ್ದ ಬರಲಿಲ್ಲ. ದೊಡ್ಡಮ್ಮನಿಗೆ ಆಮೇಲೆ ಕಣ್ಣು ಮುಚ್ಚಿದಾಗಲೆಲ್ಲ ಆ ತೆರೆದ ಬಾಯಿ ಕಾಣುತ್ತಿತ್ತು.

ಬೇರೆ ಯಾರೂ ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಅದಕ್ಕೇ ಕುರ್ಚಿ.

"ಹೇಳ್ಬಿಡಮ್ಮ," ಎಂದಳು ಮಗಳು.

ಲಾಂಡ್ರಿಯ ಹಿಂದಿನ ಸಾಲುಮನೆಯಲ್ಲಿ ಅವರಿಬ್ಬರದೊಂದು ಕೋಣೆ. ಬಾಯ್ಲರಿನ ಗೋಡೆಗೆ ಅಂಟಿಕೊಂಡಿದ್ದರಿಂದ ಒಳಗೆ ಸದಾ ಸೆಕೆ. ಆ ಕೋಣೆಯೂ ಯಜಮಾನರದೇ.

"ಸುಳ್ಳು ಹೇಳು ಅಂತೀಯಾ?"

"ನಂಗೆ ಆ ರೋಲರ್ ಬೇಡ. ನಾನು ನಿಲ್ಲಲ್ಲ ಅದರ ಮುಂದೆ." ಮಗಳು ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡಿದ್ದಳು. ಗುಬ್ಬಿಯ ಕೈ ಹೋದಾಗಿನಿಂದ ಅವಳಿಗೆ ಅದೊಂದು ಅಭ್ಯಾಸವಾಗಿತ್ತು. "ಗುಬ್ಬಿ ಕೈ ಹೋಯ್ತು. ನೀನು ನಿಜ ಹೇಳಿದ್ರೆ ಚಿಗುರುತ್ತಾ? ಹೇಳ್ಬಿಡು. ದೇವರಿಗೆ ಗೊತ್ತಾಗುತ್ತೆ ನಾವು ಯಾಕೆ ಹೇಳಿದ್ವಿ ಅಂತ."

ದೇವರಿಗೆ ಭಯಪಡಬೇಕು ಎಂದು ದೊಡ್ಡಮ್ಮನಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ಅದೇ ಜ್ಞಾನ ಅಂದಿದ್ದರು. ಆದರೆ ಈಗ ತನ್ನೊಳಗೆ ಇಣುಕಿ ನೋಡಿಕೊಂಡರೆ ಅಲ್ಲಿ ಯಜಮಾನರ ಭಯವೇ ತುಂಬಿಕೊಂಡಿತ್ತು. ದೇವರ ಭಯಕ್ಕೆ ಕಾಲಿಡಲೂ ಜಾಗವಿರಲಿಲ್ಲ. ಅದು ಗೊತ್ತಾಗಿ ಮತ್ತಷ್ಟು ಹೆದರಿದಳು.

ಅವಳಿಗೆ ಓದು ಬರುತ್ತಿರಲಿಲ್ಲ. ಗ್ರಂಥದ ಕಥೆಗಳನ್ನು ಅವಳ ತಾಯಿ ಬಟ್ಟೆ ಒಗೆಯುತ್ತಾ ಹೇಳಿದ್ದಳು. ಅದರಲ್ಲೊಂದು ದ್ರಾಕ್ಷಿ ತೋಟದ್ದು. ಒಬ್ಬ ಬಡವನ ತೋಟದ ಮೇಲೆ ಅರಸನ ಕಣ್ಣು ಬಿತ್ತು. ಬಡವ ಕೊಡಲ್ಲ ಅಂದ. ರಾಣಿ ಇಬ್ಬರನ್ನು ಹಿಡಿದು ಬಡವನ ಮೇಲೆ ಸುಳ್ಳುಸಾಕ್ಷಿ ಹೇಳಿಸಿದಳು. ಊರವರು ಅವನನ್ನು ಕಲ್ಲು ಹೊಡೆದು ಕೊಂದರು. ಅರಸನಿಗೆ ಏನಾಯಿತು, ರಾಣಿಗೆ ಏನಾಯಿತು, ನಾಯಿಗಳು ಅರಸನ ರಕ್ತ ಹೇಗೆ ನೆಕ್ಕಿದವು, ಎಲ್ಲವನ್ನೂ ತಾಯಿ ಹೇಳಿದ್ದಳು. ಆ ಇಬ್ಬರು ಸಾಕ್ಷಿಗಳ ಬಗ್ಗೆ ಮಾತ್ರ ಏನೂ ಹೇಳಿರಲಿಲ್ಲ. ಆಗ ದೊಡ್ಡಮ್ಮನೂ ಕೇಳಿರಲಿಲ್ಲ.

ಶನಿವಾರ ತೊಟ್ಟಿ ತೊಳೆದು ಅವಳು ಅಯ್ಯನವರ ಮನೆಗೆ ಹೋದಳು. ಸಭಾಪಾಲಕರಾದ ಅವರು ಒಳ್ಳೆಯ ಮನುಷ್ಯ. ಜೋರಾಗಿ ಮಾತಾಡಿದವರಲ್ಲ. ಅಂಗಳದಲ್ಲಿ ನಿಲ್ಲಿಸಿಯೇ ಮಾತಾಡಿದರು.

"ಅಯ್ಯಾ, ದ್ರಾಕ್ಷಿ ತೋಟದ ಕಥೇಲಿ ಇಬ್ರು ಸಾಕ್ಷಿ ಹೇಳ್ತಾರಲ್ಲ, ಅವ್ರ ಹೆಸರೇನು?"

ಅಯ್ಯನವರಿಗೆ ಆಶ್ಚರ್ಯವಾಯಿತು. "ಗ್ರಂಥದಲ್ಲಿ ಅವರ ಹೆಸರಿಲ್ಲ."

"ಆಮೇಲೆ ಏನಾದ್ರು?"

"ಅದೂ ಇಲ್ಲ."

"ಅವ್ರಿಗೂ ಮನೆ ಇತ್ತೇನೋ. ರಾಣೀದೇ ಮನೆ ಇರ್ಬೇಕು. ಒಬ್ಬನಿಗಾದ್ರೂ ಮಗಳು ಇದ್ಲೇನೋ."

ಅಯ್ಯನವರಿಗೆ ಈಗ ಅರ್ಥವಾಯಿತು. ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ನೋಡು ದೊಡ್ಡಮ್ಮ. ಸಭೆ ಒಡೀಬಾರದು. ವಿವೇಕ ಅಂದ್ರೆ ಕಾಲ ನೋಡಿ ಬಾಯಿ ಬಿಡೋದು, ಕಾಲ ನೋಡಿ ಬಾಯಿ ಮುಚ್ಚೋದು. ಆಸ್ಪತ್ರೆ, ಅನಾಥಾಲಯ, ಈ ಗುಡಿಯ ಚಾವಣಿ, ಎಲ್ಲಾ ಯಜಮಾನರ ಮನೆತನದವರ ಕೈಲಿದೆ. ಮನುಷ್ಯ ಬಲಹೀನ. ದೇವರು ಕ್ಷಮಿಸ್ತಾನೆ."

"ಕೇಳಿದ್ರೆ ಕ್ಷಮಿಸ್ತಾನಾ?"

"ಕೇಳಿದ್ರೆ ಖಂಡಿತ."

ಭಾನುವಾರ ಹೇಳುವುದು, ಸೋಮವಾರ ಕ್ಷಮೆ ಕೇಳುವುದು. ದಾರಿಯುದ್ದಕ್ಕೂ ದೊಡ್ಡಮ್ಮ ಅದನ್ನೇ ಮೆಲುಕು ಹಾಕಿದಳು. ಚಾದರ ಕೊಳೆ ಮಾಡಿ ತೊಟ್ಟಿಗೆ ಹಾಕಿದ ಹಾಗೆ. ಯಾರೋ ಒಬ್ಬರು ತಿಕ್ಕುತ್ತಾರೆ. ಅಷ್ಟು ಸಲೀಸು ಎಂದು ಅನ್ನಿಸಿದ್ದೇ ತಡ, ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಬೀದಿ ಬದಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಹೋಗಿ ಬರುವವರು ನೋಡಿಕೊಂಡು ಹೋದರು. ಯಜಮಾನರು ಹೇಳಿಕೊಟ್ಟಿದ್ದನ್ನೇ ಹೇಳಿಬಿಡುವುದೆಂದು ಅವಳು ತೀರ್ಮಾನ ಮಾಡಿಕೊಂಡು ಎದ್ದಳು. ಮಗಳಿಗೂ ಹಾಗೇ ಹೇಳಿದಳು. ಮಗಳು ಅಮ್ಮನ ಕೊರಳು ತಬ್ಬಿಕೊಂಡು ಅತ್ತಳು.

ಭಾನುವಾರ ಗುಡಿ ತುಂಬಿತ್ತು. ಅಯ್ಯನವರು ಕರೆದರು. "ನಮ್ಮ ಸಹೋದರಿಯೊಬ್ಬಳು ಸಾಕ್ಷಿ ಹೇಳ್ತಾಳೆ."

ಲಾಂಡ್ರಿ ಬೆಂಚಿನಿಂದ ವೇದಿಕೆಯವರೆಗೆ ಉದ್ದದ ದಾರಿ. ಅವಳು ಯಾವತ್ತೂ ಅದರ ಅರ್ಧಕ್ಕಿಂತ ಮುಂದೆ ಹೋದವಳಲ್ಲ. ನಡೆಯುತ್ತಿದ್ದಂತೆ ಎರಡೂ ಬದಿಯ ಮುಖಗಳು ತಿರುಗಿದವು. ಒಬ್ಬಾಕೆ ಕರವಸ್ತ್ರ ಮೂಗಿಗೆ ಹಿಡಿದಳು. ದೊಡ್ಡಮ್ಮ ಸ್ನಾನ ಮಾಡಿದ್ದಳು. ಬ್ಲೀಚ್ ವಾಸನೆ ಸ್ನಾನಕ್ಕೆ ಹೋಗುವಂಥದ್ದಲ್ಲ. ಅವಳು ಹೇಳಬೇಕಾದ ನಾಲ್ಕು ಮಾತನ್ನು ಬಾಯೊಳಗೇ ಹೇಳಿಕೊಳ್ಳುತ್ತಾ ನಡೆದಳು. ಸರಳು ಇತ್ತು. ಅವಳೇ ಬಿಚ್ಚಿದ್ಲು. ದೇವರು ಎಚ್ಚರಿಸ್ದ. ಪ್ರಾಣ ಉಳಿಸ್ದ.

ಮೈಕು ಕೈಯಲ್ಲಿ ಜಾರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದಳು. ಮೊದಲ ಬೆಂಚಿನಲ್ಲಿ ಯಜಮಾನರು ಪ್ರಾರ್ಥನೆಯಲ್ಲಿರುವಂತೆ ತಲೆ ತಗ್ಗಿಸಿ ಕೂತಿದ್ದರು.

"ನಾನು... ಲಾಂಡ್ರಿ ತೊಟ್ಟಿಯವಳು."

ದನಿ ಗುಡಿಯ ತುಂಬ ಮೊಳಗಿತು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಬೆಚ್ಚಿಬಿದ್ದಳು.

"ಗುಬ್ಬಿ ಕೈ ಹೋದಾಗ ನಾನು ಎದುರಿಗಿದ್ದೆ. ರೋಲರ್ ಮುಂದೆ ಸರಳು..."

ಇತ್ತು ಎಂಬ ಮಾತು ನಾಲಗೆಯ ಮೇಲೇ ಇತ್ತು. ಎದುರಿಗೆ ಜನ ಕಾಣಲಿಲ್ಲ. ಶಬ್ದವಿಲ್ಲದೆ ತೆರೆದುಕೊಂಡ ಬಾಯಿ ಕಂಡಿತು.

"ಇರ್ಲಿಲ್ಲ," ಎಂದಳು.

ಯಜಮಾನರ ತಲೆ ಮೇಲೆದ್ದಿತು.

ಅವರ ಕಣ್ಣು ಕಂಡದ್ದೇ ದೊಡ್ಡಮ್ಮನಿಗೆ ಉಚ್ಚೆ ತಡೆಯಲಾಗಲಿಲ್ಲ. ತೊಡೆಯ ಒಳಗಿನಿಂದ ಬೆಚ್ಚಗೆ ಇಳಿಯಿತು. ಮೊಣಕಾಲು, ಮೀನಖಂಡ, ಪಾದ. ವೇದಿಕೆಯ ಹೊಳೆಯುವ ಕಲ್ಲಿನ ಮೇಲೆ ಹರಿಯಿತು. ಮೊದಲ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯಾರೋ ಛೀ ಅಂದರು. ಅವಳಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಅಯ್ಯನವರು ಲಗುಬಗೆಯಿಂದ ಬಂದರು. "ಪಾಪ, ಹುಷಾರಿಲ್ಲ ಅನ್ಸುತ್ತೆ. ಸಾಕು ದೊಡ್ಡಮ್ಮ, ಹೋಗಿ ಕೂತ್ಕೋ." ಮೈಕಿಗೆ ಕೈಹಾಕಿದರು.

ದೊಡ್ಡಮ್ಮ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಆಮೇಲೆ ಅವಳಿಗೂ ಹೇಳಲಾಗಲಿಲ್ಲ. ಇದಕ್ಕಿಂತ ಹೆಚ್ಚಿನ ಮಾನ ಇನ್ನೇನು ಹೋಗುವುದಿತ್ತು?

"ಇಲ್ಲ ಅಯ್ಯಾ. ಮುಗಿದಿಲ್ಲ." ಅವಳು ಬೆಂಚುಗಳ ಕಡೆ ತಿರುಗಿದಳು. "ಇಲ್ಲಿ ಕೂತಿರೋ ಎಲ್ರೂ ಒಂದಲ್ಲ ಒಂದು ಸಲ ಆ ಆಸ್ಪತ್ರೇಲಿ ಮಲಗಿದೀರಿ. ನಿಮ್ಮೆಲ್ರ ಉಚ್ಚೆ ತೊಳೆದಿದೀನಿ ನಾನು. ನಿಮ್ಮ ಅಪ್ಪ ಅಮ್ಮಂದು ತೊಳೆದಿದೀನಿ. ಇವತ್ತೊಂದು ದಿನ ನಂದು ನೋಡಿ. ನಂಗೆ ಹೆದ್ರಿಕೆ ಆಗಿದೆ, ಅದಕ್ಕೇ ಹೀಗಾಯ್ತು. ಸುಳ್ಳು ಹೇಳು ಅಂತ ಹೇಳಿಕೊಟ್ಟು ಕಳ್ಸಿದ್ರು. ಸರಳು ಬಿಚ್ಚಿಸಿದ್ದು ಯಜಮಾನ್ರು. ಗೋಡೆಗೆ ಒರಗಿಸಿಟ್ಟಿದ್ರು. ಗುಬ್ಬಿ ಏನೂ ಮಾಡಿಲ್ಲ. ಚಾದರ ಸರಿ ಮಾಡಕ್ಕೆ ಹೋದ್ಲು. ಅಷ್ಟೇ ಅವಳ ಪಾಪ."

ಹಿಂದಿನಿಂದ ಯಾರೋ ಓಡಿ ಬರುವ ಸದ್ದಾಯಿತು. ಮಗಳು. ಬೈಯಲು ಬಂದಳೇನೋ ಎಂದು ದೊಡ್ಡಮ್ಮ ಮುಖ ಬಿಗಿ ಮಾಡಿಕೊಂಡಳು. ಮಗಳು ಹೊದ್ದಿದ್ದ ಶಾಲನ್ನು ತೆಗೆದು ಕಲ್ಲಿನ ಮೇಲೆ ಹಾಸಿ, ಅಮ್ಮನ ಪಾದ ಒರೆಸಿದಳು. ಒರೆಸುತ್ತಾ ಪಿಸುಗುಟ್ಟಿದಳು, "ಹಾಳಾಗೋಯ್ತಮ್ಮ. ಎಲ್ಲಾ ಹಾಳು ಮಾಡ್ದೆ." ಆದರೂ ಅಮ್ಮನ ಕೈಬಿಡದೆ ಆ ಉದ್ದದ ದಾರಿಯಲ್ಲಿ ಬಾಗಿಲವರೆಗೂ ಜೊತೆಗೆ ನಡೆದಳು. ಲಾಂಡ್ರಿ ಬೆಂಚಿನವರು ಎದ್ದು ನಿಂತಿದ್ದರು. ಅವರ ಮುಖಗಳಲ್ಲೂ ಭಯವೇ ಇತ್ತು.

ಸಂಜೆಯೊಳಗೆ ಕೋಣೆ ಖಾಲಿ ಮಾಡಲು ಹೇಳಿಕಳಿಸುತ್ತಾರೆಂದು ದೊಡ್ಡಮ್ಮ ಪಾತ್ರೆ ಕಟ್ಟಿಟ್ಟಳು. ಯಾರೂ ಬರಲಿಲ್ಲ. ಇನ್ಸ್‌ಪೆಕ್ಟರ್ ಬಂದು ಹೋಗುವವರೆಗೆ ಯಾರನ್ನೂ ಮುಟ್ಟುವುದಿಲ್ಲ ಎಂದು ಆಮೇಲೆ ಹೊಳೆಯಿತು. ಬಾರದೆ ಇದ್ದದ್ದೇ ಹೆಚ್ಚು ಹೆದರಿಸಿತು. ಅವಳು ವಾರ್ಡಿಗೆ ಹೋದಳು.

ಗುಬ್ಬಿ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಮೊಣಕೈಯ ಕೆಳಗೆ ಇರಲಿಲ್ಲ. ಉಳಿದಿದ್ದನ್ನು ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡಿದ್ದಳು.

"ದೊಡ್ಡಮ್ಮಾ, ಈ ಚಾದರ ನೋಡು. ನಮ್ಮದೇ. ಕಲೆ ಹೋಗೇ ಇಲ್ಲ. ಯಾವ ಸೋಂಬೇರಿ ತಿಕ್ಕಿದ್ಲೋ!"

ದೊಡ್ಡಮ್ಮ ನಗಲು ಹೋದಳು, ಅಳು ಬಂತು. ಗುಡಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಉಚ್ಚೆ ಹೊಯ್ದುಕೊಂಡದ್ದನ್ನೂ ಬಿಡಲಿಲ್ಲ. ಗುಬ್ಬಿ ಹೊದಿಕೆಯನ್ನು ಇನ್ನಷ್ಟು ಎಳೆದುಕೊಂಡಳು.

"ಸತ್ತವರೆಲ್ಲ ಒಂದು ದಿನ ಏಳ್ತಾರೆ ಅಂತಾರಲ್ಲ," ಎಂದಳು. "ಆವತ್ತು ನನ್ನ ಕೈ ಬರುತ್ತಾ? ಅಯ್ಯನವ್ರನ್ನ ಕೇಳ್ದೆ. ಹೊಸ ಶರೀರ ಬರುತ್ತೆ ಅಂದ್ರು. ನಂಗೆ ಹೊಸದು ಬೇಡ. ನಂದೇ ಬೇಕು. ಅದನ್ನ ಇವ್ರು ಎಲ್ಲಿ ಎಸೆದ್ರೋ ಅದೂ ಗೊತ್ತಿಲ್ಲ."

ದೊಡ್ಡಮ್ಮನಿಗೆ ಇಂಥ ಪ್ರಶ್ನೆಗೆ ಉತ್ತರ ಹೇಳಿ ಅಭ್ಯಾಸವಿಲ್ಲ. ಹೆದರಿಕೊಂಡೇ ಹೇಳಿದಳು. "ನಂಗೆ ಗೊತ್ತಿಲ್ಲ ಕಣೇ. ಆದ್ರೆ ಕರ್ತ ಶಿಲುಬೆ ಮೇಲೆ ಸತ್ತು ಎದ್ದು ಬಂದಾಗ್ಲೂ ಕೈಯಲ್ಲಿ ಮೊಳೆಯ ತೂತು ಹಾಗೇ ಇತ್ತಂತೆ. ಸಾವನ್ನೇ ಗೆದ್ದವನಿಗೆ ಎರಡು ತೂತು ಮುಚ್ಚಕ್ಕಾಗ್ತಿರ್ಲಿಲ್ವಾ? ಮುಚ್ಚಲಿಲ್ಲ. ನೋಡಿ ಅಂತ ತೋರಿಸ್ದ. ಮುಟ್ಟು ಅಂದ."

ಹೊದಿಕೆಯೊಳಗೆ ಗುಬ್ಬಿಯ ಮೊಂಡುಗೈ ಒಮ್ಮೆ ಅಲುಗಿತು.

ಸೋಮವಾರ ಬೆಳಿಗ್ಗೆ ರೋಲರಿಗೆ ಸರಳು ಕೂತಿತ್ತು. ಎಣ್ಣೆ ಹಚ್ಚಿ ಒರೆಸಿದ್ದರು, ಥಳಥಳ ಹೊಳೆಯುತ್ತಿತ್ತು. ಇನ್ಸ್‌ಪೆಕ್ಟರ್ ಬೆರಳಿನಿಂದ ಮುಟ್ಟಿದ. ಯಂತ್ರ ನಿಂತಿತು. ತಲೆಯಾಡಿಸಿದ. ಯಜಮಾನರು ಅವನ ಹೆಗಲಿಗೆ ಅಂಟಿಕೊಂಡೇ ಇದ್ದರು. ದೊಡ್ಡಮ್ಮನನ್ನು ಕೇಳಿದಾಗ ಅವಳು ಗುಡಿಯಲ್ಲಿ ಹೇಳಿದ್ದನ್ನು ಹೇಳಿದಳು. ಅವನು ಬರೆದುಕೊಂಡನೋ ಇಲ್ಲವೋ ತಿಳಿಯಲಿಲ್ಲ. ಟೀ ಕುಡಿದು ಕಾರು ಹತ್ತಿದ.

ಕಾರಿನ ಧೂಳು ಅಡಗುವ ಮೊದಲೇ ಮೆಕ್ಯಾನಿಕ್ ಸ್ಪ್ಯಾನರ್ ತಂದ. ವಾರ್ಡಿನ ಚಾದರಗಳು ಗುಡ್ಡೆ ಬಿದ್ದಿದ್ದವು. ಬೋಲ್ಟು ಬಿಚ್ಚಿ ಸರಳನ್ನು ಮತ್ತೆ ಗೋಡೆಗೆ ಒರಗಿಸಿದ.

"ನೀನು ತೊಟ್ಟಿ ಬಿಟ್ಟು ಹೊರಡು," ಎಂದರು ಯಜಮಾನರು ದೊಡ್ಡಮ್ಮನಿಗೆ. ಈಗ ನಗು ಇರಲಿಲ್ಲ. "ಕೋಣೆ ಉಳೀಬೇಕು ಅಂದ್ರೆ ನಿನ್ನ ಮಗಳು ರೋಲರ್‌ಗೆ ನಿಲ್ಲಲಿ. ಈಗ್ಲೇ."

ಯಂತ್ರ ಗುಡುಗಿತು. ಉರುಳೆಗಳಿಂದ ಉಗಿ ಎದ್ದಿತು. ಬೆಳಿಗ್ಗೆ ಅಮ್ಮನ ಜೊತೆ ಬಂದಿದ್ದ ಮಗಳು ಒದ್ದೆ ಚಾದರ ಹಿಡಿದು ರೋಲರಿನ ಮುಂದೆ ನಿಂತಳು. ಮುಖ ಬೂದಿಯಾಗಿತ್ತು. ಬಾ ಹೋಗೋಣ, ಬೀದಿಯಲ್ಲಾದರೂ ಇರೋಣ ಎಂದು ಕೂಗಬೇಕೆಂದರೆ ದೊಡ್ಡಮ್ಮನಿಗೆ ದನಿಯೇ ಏಳಲಿಲ್ಲ. ಮಗಳು ಚಾದರದ ಅಂಚನ್ನು ಉರುಳೆಯ ಹತ್ತಿರ ತಂದಳು. ನಿಂತಳು. ಆಮೇಲೆ ತಿರುಗಿ ಚಾದರವನ್ನು ಯಜಮಾನರ ಕಡೆ ಚಾಚಿದಳು.

"ನೀವೊಂದು ಹಾಕಿ ತೋರ್ಸಿ."

"ಏನಂದೆ?"

"ಹೇಗೆ ಹಾಕೋದು ಅಂತ ನಂಗೊತ್ತಿಲ್ಲ. ನೀವೊಂದೇ ಒಂದು ಹಾಕಿ. ಆಮೇಲೆ ದಿನವೆಲ್ಲ ನಾನು ಹಾಕ್ತೀನಿ."

ಮಡಿಸುವ ಮೇಜಿನ ಹೆಂಗಸರು ಕೈನಿಲ್ಲಿಸಿದರು. ತೊಟ್ಟಿಯ ಕಡೆಯವರು ನೀರು ಸೋರುವ ಕೈಗಳಲ್ಲೇ ಬಂದರು. ಯಾರೂ ಕರೆದಿರಲಿಲ್ಲ. ಬಂದು ರೋಲರಿನ ಸುತ್ತ ನಿಂತರು. ಆ ಗುಂಪಿನ ನಡುವಿನಿಂದ ಗುಬ್ಬಿ ಬಂದಳು. ಅವಳನ್ನು ಆ ಬೆಳಿಗ್ಗೆಯಷ್ಟೇ ಆಸ್ಪತ್ರೆಯಿಂದ ಕಳಿಸಿದ್ದರು, ಸಾಲುಮನೆಯಲ್ಲಿದ್ದ ತನ್ನ ಪೆಟ್ಟಿಗೆ ಒಯ್ಯಲು ಬಂದಿದ್ದಳು. ಹೊದ್ದಿದ್ದನ್ನು ಎಡಗೈಯಿಂದ ಕಿತ್ತು ಹೆಗಲ ಮೇಲೆ ಎಸೆದುಕೊಂಡಳು. ಮೊಂಡುಗೈಯನ್ನು ರೋಲರಿನ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟಳು. ಹೊಲಿಗೆಗಳು ಇನ್ನೂ ಕೆಂಪಗಿದ್ದವು.

"ಹಾಕಿ ಯಜಮಾನ್ರೇ," ಎಂದಳು. "ಸುಲಭ. ಮೂಲೆ ಮಡಚಿಕೊಂಡ್ರೆ ಮಾತ್ರ ಕೈ ಚಾಚಿ ಸರಿ ಮಾಡ್ಬೇಕು."

ಯಜಮಾನರು ಸುತ್ತ ನೋಡಿದರು. ಹೆದರಿದ ಮುಖಗಳೇ ಎಲ್ಲೆಲ್ಲೂ. ಒಂದೂ ಅಲುಗಲಿಲ್ಲ. ಅವರು ಚಾದರ ಕಿತ್ತುಕೊಂಡರು. ಮುಂದೆ ಬಂದು ಅಂಚನ್ನು ಉರುಳೆಯ ಬಾಯಿಗೆ ಚಾಚಿದರು. ಆ ಬಿಳಿ, ಒಣ ಬೆರಳುಗಳಿಗೆ ಉಗಿ ತಾಗಿತು. ಬೆರಳು ತಟ್ಟನೆ ಹಿಂದಕ್ಕೆ ಬಂತು. ಮತ್ತೊಮ್ಮೆ ಚಾಚಿದರು. ಮತ್ತೆ ಹಿಂದಕ್ಕೆ ಬಂತು. ಅವರು ಎಳೆದುಕೊಂಡದ್ದಲ್ಲ, ಕೈ ತಾನಾಗಿಯೇ ಬಂತು. ಚಾದರ ಕೆಳಗೆ ಬಿತ್ತು.

ಯಾರೂ ನಗಲಿಲ್ಲ.

ವಾರ್ಡಿನಿಂದ ನರ್ಸೊಬ್ಬಳು ಬಾಗಿಲಲ್ಲಿ ಬಂದು ಚಾದರ ಎಲ್ಲಿ, ಮಂಚಗಳು ಬರಿದಾಗಿವೆ ಎಂದು ಕೂಗಿದಳು. ಒಬ್ಬರೂ ತಿರುಗಲಿಲ್ಲ. ದೊಡ್ಡಮ್ಮ ದೂರದ ಗೋಡೆಯವರೆಗೆ ನಡೆದಳು. ಕರ್ತನೇ, ಕರ್ತನೇ ಎಂದಷ್ಟೇ ಅನ್ನುತ್ತಾ ಹೋಗಿ ಸ್ವಿಚ್ಚು ಒತ್ತಿದಳು. ಗುಡುಗು ನಿಂತಿತು.

ಆ ನಿಶ್ಶಬ್ದದಲ್ಲಿ ಮೆಕ್ಯಾನಿಕ್ ಯಜಮಾನರ ಮುಖ ನೋಡಿದ. ಹೆಂಗಸರ ಮುಖ ನೋಡಿದ. ಆಮೇಲೆ, ಯಾರೂ ಹೇಳದೆಯೇ, ಗೋಡೆಯಿಂದ ಸರಳು ಎತ್ತಿಕೊಂಡು ಬಂದ. ಬೋಲ್ಟು ಕೂರಿಸಿ ತಿರುಗಿಸತೊಡಗಿದ.

ಗುಬ್ಬಿ ಬಗ್ಗಿ ನೋಡಿದಳು.

"ಇನ್ನೂ ಬಿಗಿ ಮಾಡಣ್ಣ," ಎಂದಳು. "ಇನ್ನೊಂದು ಸುತ್ತು."